ಐವತ್ತು ಜನರ ಊರು, ಕಣ್ಣೂರಿಗಿಂತ ಉದ್ದದ ರನ್‌ವೇ

ನಾಪೋಕ್ಲು_ತೋಟ

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಬಿಡದೆ ಮಳೆ. ಕರೆಂಟ್ ಹೋಗಿ ಬಂದು ಮಾಡುತ್ತಿದೆ, ತೋಟದ ಕೆಲಸ ನಿಂತಿದೆ. ಅದಕ್ಕೇ ಈ ಉದ್ದದ ಪೋಸ್ಟ್. ಬೇಜಾರಾದರೆ ಬಿಟ್ಟುಬಿಡಿ.

ಮಗಳು ಹೋದ ವಾರ ಟೋಕಿಯೋದಿಂದ ಅಮೆರಿಕಕ್ಕೆ ಹೋಗುವಾಗ ಸೀಟಿನ ಮುಂದಿನ ಪರದೆಯ ಫೋಟೋ ತೆಗೆದು ಕಳಿಸಿದ್ದಳು. ಪೂರ್ತಿ ನೀಲಿ ಸಮುದ್ರ. ಮೇಲ್ಗಡೆ ಬಾಲದ ಹಾಗೆ ಚಾಚಿಕೊಂಡ ಒಂದು ನೆಲ, ಅದರ ತುದಿ ಹತ್ತಿರ ಒಂದೇ ಒಂದು ಹೆಸರು: ಕೋಲ್ಡ್ ಬೇ. "ಅಪ್ಪ, ಇಷ್ಟು ದೊಡ್ಡ ಮ್ಯಾಪಿನಲ್ಲಿ ಈ ಊರೊಂದನ್ನೇ ಯಾಕೆ ಹಾಕಿದ್ದಾರೆ?" ಅಂತ ಕೇಳಿದ್ದಳು. ನಾನು ವಾಯುಪಡೆಯಲ್ಲಿ 20 ವರ್ಷ ಎಂಜಿನ್ ಬಿಚ್ಚಿ ಜೋಡಿಸಿದವನು. ರನ್‌ವೇ ಅಂದರೆ ಇವತ್ತಿಗೂ ಕಿವಿ ನೆಟ್ಟಗಾಗುತ್ತದೆ. ಕೂತು ಹುಡುಕಿದೆ.

ಊರು ಅಲಾಸ್ಕಾದಲ್ಲಿದೆ. ಆಂಕರೇಜ್‌ನಿಂದ ಸುಮಾರು 1,000 ಕಿ.ಮೀ. ದೂರ, ಹೊರಗಿನಿಂದ ರಸ್ತೆ ಇಲ್ಲ. 2020ರ ಜನಗಣತಿಯಲ್ಲಿ ಅಲ್ಲಿದ್ದವರು 50 ಜನ. ಕಾಫಿ ಕೊಯ್ಲಿನ ಟೈಮಿಗೆ ನಮ್ಮ ಲೈನ್‌ಮನೆಯಲ್ಲೇ ಅದಕ್ಕಿಂತ ಜಾಸ್ತಿ ಜನ ಇರುತ್ತಾರೆ. ಆ ಊರಿನ ರನ್‌ವೇ 10,180 ಅಡಿ, ಅಂದರೆ ಸುಮಾರು 3,100 ಮೀಟರ್. ಕಣ್ಣೂರಿನದು 3,050. ಮಂಗಳೂರಿನದು ಸುಮಾರು 2,450. ಮೈಸೂರು ಮಂಡಕಳ್ಳಿಯದು 1,740. ಕೊಡಗಿನ ಲೆಕ್ಕ ನಿಮಗೇ ಗೊತ್ತು, ಸೊನ್ನೆ.

ಅದನ್ನು ಆ ಊರಿಗೋಸ್ಕರ ಕಟ್ಟಿದ್ದಲ್ಲ. ಎರಡನೇ ಮಹಾಯುದ್ಧಕ್ಕೆ ಕಟ್ಟಿದ್ದು. ಈಗ ಅಲಾಸ್ಕಾ ರಾಜ್ಯ ಸರ್ಕಾರ ನಡೆಸುವ ಸಾರ್ವಜನಿಕ ವಿಮಾನ ನಿಲ್ದಾಣ. ಯಾರಿಗಾದರೂ ಆಸಕ್ತಿ ಇದ್ದರೆ ಪೂರ್ತಿ ಬರೆಯುತ್ತೇನೆ.

ಸೋಮವಾರಪೇಟೆ_ಶುಂಠಿ

ಐವತ್ತು ಜನಕ್ಕೆ ಮೂರು ಕಿಲೋಮೀಟರಾ! ನಮ್ಮೂರಲ್ಲಿ ಮೂರು ಕಿಲೋಮೀಟರ್ ಡಾಂಬರು ಹಾಕಿಸಲು ಮೂರು ಎಲೆಕ್ಷನ್ ಬೇಕು. ಹಾಕಿದ ಡಾಂಬರು ಕಕ್ಕಡದ ಮಳೆಗೆ ಕಾವೇರಿ ಪಾಲು.

ಕೋಟೆಬೆಟ್ಟ

ಬರೆಯಿರಿ ಅಂಕಲ್. ಒಂದು ಪ್ರಶ್ನೆ. ನಾಸಾದ ಸ್ಪೇಸ್ ಷಟಲ್ ತುರ್ತಿಗೆ ಇಳಿಯಲಿ ಅಂತ ಈ ರನ್‌ವೇ ಇಟ್ಟಿದ್ದರಂತೆ, ನಿಜಾನಾ? ಯಾವುದೋ ವಿಡಿಯೋದಲ್ಲಿ ನೋಡಿದ್ದೆ.

ನಾಪೋಕ್ಲು_ತೋಟ

ಅದು ಗಾಳಿಮಾತು ಮರಿ. ನಾಸಾದ ಪಟ್ಟಿಯಲ್ಲಿ ಈ ಊರು ಇರಲೇ ಇಲ್ಲ. ನಿಜವಾದ ಕತೆಯೇ ಅದಕ್ಕಿಂತ ಚೆನ್ನಾಗಿದೆ.

ಅಲಾಸ್ಕಾದ ಸೇನೆ ಆಗ ಜನರಲ್ ಬಕ್ನರ್ ಕೈಯಲ್ಲಿತ್ತು. ಡಚ್ ಹಾರ್ಬರ್ ಅಂತ ಒಂದು ನೌಕಾನೆಲೆ ಇತ್ತು. ಅದನ್ನು ಕಾಯಲು ಹತ್ತಿರದಲ್ಲಿ ಯುದ್ಧವಿಮಾನ ಇಳಿಯುವ ಜಾಗವೇ ಇರಲಿಲ್ಲ. ಅದಕ್ಕೆ ಆಚೆ ಈಚೆ ಎರಡು ನೆಲೆ ಹಾಕಿದರು. ಪೂರ್ವಕ್ಕೆ ಕೋಲ್ಡ್ ಬೇ, ಪಶ್ಚಿಮಕ್ಕೆ ಉಮ್ನಾಕ್ ದ್ವೀಪ. ಜಪಾನಿಗೆ ಗೊತ್ತಾಗಬಾರದಲ್ವಾ? ಮೀನಿನ ಡಬ್ಬಿ ಫ್ಯಾಕ್ಟರಿ ಕಟ್ಟುತ್ತಿದ್ದೇವೆ ಅಂತ ನಾಟಕ ಆಡಿದರು. ಬ್ಲೇರ್ ಪ್ಯಾಕಿಂಗ್ ಕಂಪನಿ, ಸ್ಯಾಕ್ಸ್‌ಟನ್ ಅಂಡ್ ಕಂಪನಿ ಅಂತ ಸುಳ್ಳು ಹೆಸರು. ಸಾಮಾನಿನ ಮೇಲೆಲ್ಲ ಅದೇ ವಿಳಾಸ. ಹೆಸರು ಮೀನಿಂದು, ಒಳಗಿದ್ದದ್ದು ರನ್‌ವೇ ಸಾಮಾನು!

ಉಮ್ನಾಕ್‌ನಲ್ಲಿ ನೆಲ ಮೆತ್ತಗಿತ್ತು. ಅಲ್ಲಿ ತೂತಿನ ಉಕ್ಕಿನ ತಗಡು ಹಾಸಿದರು. ಒಂದೊಂದು 10 ಅಡಿ ಉದ್ದ, 15 ಇಂಚು ಅಗಲ, 66 ಪೌಂಡ್ ತೂಕ, ತಗಡಿಗೆ 87 ತೂತು. ಅಂಚಿನ ಕೊಕ್ಕೆಯನ್ನು ಪಕ್ಕದ ತಗಡಿನ ಸೀಳಿಗೆ ಸಿಕ್ಕಿಸಿ ಜಾರಿಸಿದರೆ ಆಯಿತು, ರನ್‌ವೇ ತಯಾರು. ಈ ತಗಡು ನನಗೆ ಚೆನ್ನಾಗಿ ಗೊತ್ತು. ಅಸ್ಸಾಮಿನಲ್ಲಿ ಪೋಸ್ಟಿಂಗ್ ಇದ್ದಾಗ ಹಳ್ಳಿ ಮನೆಗಳ ಬೇಲಿಗೆ ಇದನ್ನೇ ನೆಟ್ಟಿದ್ದರು, ತೂತಿನಲ್ಲಿ ಸೋರೆ ಬಳ್ಳಿ ಹಬ್ಬಿತ್ತು. ಆಗ ಅದೇನೋ ಗುಜರಿ ಅಂದುಕೊಂಡಿದ್ದೆ. ಆಮೇಲೆ ನಮ್ಮ ಸಾರ್ಜೆಂಟ್ ಹೇಳಿದರು, ಇದು ಅಮೆರಿಕದವರು ಬರ್ಮಾ ಯುದ್ಧಕ್ಕೆ ತಂದ ರನ್‌ವೇ ಅಂತ.

1942ರ ಜೂನ್ 3 ಮತ್ತು 4ರಂದು ಜಪಾನಿನ ವಿಮಾನಗಳು ಡಚ್ ಹಾರ್ಬರ್ ಮೇಲೆ ಬಾಂಬ್ ಹಾಕಿದವು. ಹತ್ತಿರದಲ್ಲಿ ಅಮೆರಿಕದ ನೆಲೆ ಇಲ್ಲ ಅನ್ನುವ ಧೈರ್ಯ ಅವರಿಗೆ. ಉಮ್ನಾಕ್‌ನಿಂದ ಪಿ-40 ಫೈಟರ್‌ಗಳು ಎದುರು ಬಂದಾಗ ಬೆಚ್ಚಿಬಿದ್ದರು. ಆ ದಾಳಿಯಲ್ಲಿ ಏಟು ತಿಂದ, ಜೀರೋ ಅನ್ನುವ ಜಪಾನಿನ ಒಂದು ಫೈಟರ್ ವಿಮಾನ ಅಕುಟಾನ್ ದ್ವೀಪದ ಜವುಗಿನಲ್ಲಿ ಮಗುಚಿ ಬಿತ್ತು. ಒಂದು ತಿಂಗಳ ಮೇಲೆ ಅಮೆರಿಕದವರ ಕಣ್ಣಿಗೆ ಬಿತ್ತು, ಹೆಚ್ಚೇನೂ ಹಾಳಾಗಿರಲಿಲ್ಲ. ಸ್ಯಾನ್‌ಡಿಯಾಗೋಗೆ ಸಾಗಿಸಿ ರಿಪೇರಿ ಮಾಡಿ ಹಾರಿಸಿದರು. ಎದುರಾಳಿಯ ವಿಮಾನ ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ ಅಂತ ತಾವೇ ಹಾರಿಸಿ ತಿಳಿದುಕೊಂಡರು. ನನ್ನಂಥ ಫಿಟ್ಟರ್‌ಗೆ ಇದಕ್ಕಿಂತ ಸಿಹಿ ಕತೆ ಬೇರೆ ಇಲ್ಲ.

ಅದೇ ಜೂನ್ 4ರಂದು ಜಪಾನಿನ ಹಡಗುಗಳ ಮೇಲೆ ದಾಳಿಗೆ ಹೋಗಿ ವಾಪಸ್ ಬಾರದ ಒಬ್ಬ ಬಾಂಬರ್ ಪೈಲಟ್ ಥಾರ್ನ್‌ಬ್ರೋ. ಕೋಲ್ಡ್ ಬೇ ನೆಲೆಗೆ ಆಮೇಲೆ ಅವನ ಹೆಸರನ್ನೇ ಇಟ್ಟರು.

ಸೋಮವಾರಪೇಟೆ_ಶುಂಠಿ

ವಾಪಸ್ ಬಾರದ ಪೈಲಟ್ ಅಂದಾಗ ನಮ್ಮ ಅಜ್ಜಮಾಡ ದೇವಯ್ಯನವರೇ ನೆನಪಾದರು ಅಣ್ಣ. 1965ರ ಸೆಪ್ಟೆಂಬರ್ 7, ಸರ್ಗೋಧಾ. ಹಳೇ ಮಿಸ್ಟೇರ್ ಇಟ್ಟುಕೊಂಡು ಪಾಕಿಸ್ತಾನದ ಸ್ಟಾರ್‌ಫೈಟರ್ ಬೀಳಿಸಿದರು. ಮಹಾವೀರ ಚಕ್ರ ಕೊಟ್ಟದ್ದು 1988ರಲ್ಲಿ. ಇಪ್ಪತ್ತಮೂರು ವರ್ಷ!

ಇತಿಹಾಸ_ಮೇಡಂ

ನಾಪೋಕ್ಲು ಅಣ್ಣನವರ ಕತೆಗೆ ಎರಡು ಮೂರು ಸಂಗತಿ ಸೇರಿಸುತ್ತೇನೆ. ಪಾಠ ಮಾಡುವ ಚಟ, ಕ್ಷಮಿಸಿ.

ಕೋಲ್ಡ್ ಬೇಯ ದೊಡ್ಡ ಗುಟ್ಟು 1942ರದ್ದಲ್ಲ, 1945ರದ್ದು. ಆ ವರ್ಷ ಅಮೆರಿಕ ಅಲ್ಲಿ ಸೋವಿಯತ್ ನಾವಿಕರನ್ನು ಕರೆಸಿ ತರಬೇತಿ ಕೊಟ್ಟಿತು. ಸುಮಾರು 12,000 ಜನ. ಅವರ ಕೈಗೆ 149 ಹಡಗು ಕೊಟ್ಟು ಕಳಿಸಿತು. ಪ್ರಾಜೆಕ್ಟ್ ಹೂಲಾ ಅಂತ ಹೆಸರು. ಸೋವಿಯತ್ ಒಕ್ಕೂಟ ಆಗಿನ್ನೂ ಜಪಾನಿನ ಮೇಲೆ ಯುದ್ಧ ಸಾರಿರಲಿಲ್ಲ, ಸಾರಿದ್ದು ಆಗಸ್ಟ್ 8ಕ್ಕೆ. ಹಾಗಾಗಿ ಯಾರ ಕಣ್ಣಿಗೂ ಬೀಳದ ಜಾಗ ಬೇಕಿತ್ತು. ವರ್ಷವಿಡೀ ಮೋಡ ಮುಚ್ಚಿಕೊಂಡಿರುವ ಕೋಲ್ಡ್ ಬೇ ಸಿಕ್ಕಿತು. ಇನ್ನು ನಾಲ್ಕೈದು ವರ್ಷಕ್ಕೆ ಅದೇ ಎರಡು ದೇಶ ಹಾವು ಮುಂಗುಸಿ.

ಇನ್ನೊಂದು, ಅಷ್ಟು ಸಿಹಿಯಲ್ಲ. ಆ ದ್ವೀಪಗಳ ಮೂಲನಿವಾಸಿಗಳು ಉನಂಗನ್ ಜನ, ಅಲ್ಯೂಟ್ ಅಂತಲೂ ಕರೆಯುತ್ತಾರೆ. ಡಚ್ ಹಾರ್ಬರ್ ದಾಳಿ ಆದಮೇಲೆ ಅವರಲ್ಲಿ ಸುಮಾರು 880 ಜನರನ್ನು ಅಮೆರಿಕ ಸರ್ಕಾರವೇ ಎಬ್ಬಿಸಿ ದೂರದ ಕಾಡಿನ ಶಿಬಿರಗಳಿಗೆ ಸಾಗಿಸಿತು. ಇರಲು ಕೊಟ್ಟದ್ದು ಪಾಳುಬಿದ್ದ ಮೀನಿನ ಫ್ಯಾಕ್ಟರಿಗಳು. ಹತ್ತರಲ್ಲಿ ಒಬ್ಬರು ಅಲ್ಲೇ ಸತ್ತರು. ಪರಿಹಾರದ ಕಾನೂನು ಬಂದದ್ದು 1988ರಲ್ಲಿ. ನೋಡಿ ಶುಂಠಿಯವರೇ, ನಿಮ್ಮ ದೇವಯ್ಯನವರ ಚಕ್ರ ಬಂದ ವರ್ಷವೇ. ಕಡತಗಳಿಗೆ ಎಲ್ಲ ದೇಶದಲ್ಲೂ ಒಂದೇ ಕಾಲು.

ಕೊನೆಯದು ನಮ್ಮ ನಾಡಿನದು. ಅಲ್ಯೂಷಿಯನ್ ದ್ವೀಪಗಳಲ್ಲಿ ಗಸ್ತು ತಿರುಗುತ್ತಿದ್ದದ್ದು ಕ್ಯಾಟಲೀನಾ ಅನ್ನುವ, ನೀರಿನ ಮೇಲೂ ಇಳಿಯುವ ವಿಮಾನ. ಆ ಜೀರೋವನ್ನು ಮೊದಲು ಕಂಡದ್ದೂ ಒಂದು ಕ್ಯಾಟಲೀನಾದವರೇ. ಅದೇ ಜಾತಿಯ ವಿಮಾನಗಳ ರಿಪೇರಿ ಆಗ ಬೆಂಗಳೂರಿನಲ್ಲಿ ನಡೆಯುತ್ತಿತ್ತು. 1943ರಲ್ಲಿ ಎಚ್‌ಎಎಲ್ ಅಮೆರಿಕದ ಸೇನೆಯ ಕೈಯಲ್ಲಿತ್ತು, 84ನೇ ಏರ್ ಡಿಪೋ ಅಂತ. ಕ್ಯಾಟಲೀನಾಗಳು ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಯಲ್ಲಿ.

ಸೋಮವಾರಪೇಟೆ_ಶುಂಠಿ

ಈಗ ಇಳಿದರೆ ನೊರೆಯಲ್ಲಿ ವಿಮಾನವೇ ಕಾಣುವುದಿಲ್ಲ ಮೇಡಂ.

ಏರ್‌ಸ್ಟ್ರಿಪ್_ಬೇಕು_ಕುಶಾಲನಗರ

ನಾನು ಬರೆಯಬೇಕು ಅಂದುಕೊಂಡದ್ದನ್ನು ಅಣ್ಣನೇ ಬರೆದುಬಿಟ್ಟರು. ಐವತ್ತು ಜನರ ಊರಿಗೆ ಇರುತ್ತದೆ, ಐದೂವರೆ ಲಕ್ಷ ಜನರ ಜಿಲ್ಲೆಗೆ ಇಲ್ಲ. ಕುಶಾಲನಗರದ ಕಡೆ ಒಂದು ಏರ್‌ಸ್ಟ್ರಿಪ್ ಮಾತು ಆಗಾಗ ಏಳುತ್ತದೆ, ಮಲಗುತ್ತದೆ. ಸಪಾಟು ಜಾಗ ಅಲ್ಲಿ ಬಿಟ್ಟರೆ ಕೊಡಗಿನಲ್ಲಿ ಎಲ್ಲಿದೆ? ಪ್ರವಾಸಿಗಳು ಬರುತ್ತಾರೆ, ಹೂವು ತರಕಾರಿ ಹೋಗುತ್ತದೆ, ರೋಗಿಗಳನ್ನು ಏರ್ ಆಂಬುಲೆನ್ಸ್‌ನಲ್ಲಿ ಸಾಗಿಸಬಹುದು. ಬೇಡ ಅನ್ನುವವರು ಯಾಕೆ ಬೇಡ ಅಂತ ಹೇಳಲಿ.

ನಾಪೋಕ್ಲು_ತೋಟ

ತಮ್ಮಾ, ನಾನು ಏರ್‌ಸ್ಟ್ರಿಪ್ ಪರ ಅಲ್ಲ, ವಿರೋಧವೂ ಅಲ್ಲ. ಕೋಲ್ಡ್ ಬೇ ರನ್‌ವೇ ಇವತ್ತಿಗೂ ಯಾಕೆ ಚೆನ್ನಾಗಿದೆ ಅಂತ ಮೊದಲು ನೋಡು. ಆ ಐವತ್ತು ಜನರಿಗಾಗಿ ಅಲ್ಲ.

ಯುದ್ಧ ಮುಗಿದಮೇಲೆ ಪೆಸಿಫಿಕ್ ದಾಟುವ ವಿಮಾನಗಳು ಅಲ್ಲಿ ಇಳಿದು ಎಣ್ಣೆ ತುಂಬಿಸಿಕೊಳ್ಳುತ್ತಿದ್ದವು. ಆಮೇಲೆ ಜೆಟ್ ಬಂತು, ಒಂದೇ ಉಸಿರಿಗೆ ದಾಟತೊಡಗಿದವು, ಇಳಿಯುವ ಅಗತ್ಯ ತಪ್ಪಿತು. ಆದರೆ ಈಗಿನ ದೊಡ್ಡ ವಿಮಾನಗಳಿಗೆ ಎರಡೇ ಎಂಜಿನ್. ಒಂದು ಕೆಟ್ಟರೆ ಉಳಿದೊಂದರಲ್ಲಿ ಇಂತಿಷ್ಟು ನಿಮಿಷದೊಳಗೆ ಯಾವುದಾದರೂ ರನ್‌ವೇ ಸೇರಲೇಬೇಕು ಅನ್ನುವ ನಿಯಮ ಇದೆ. ಹೆಚ್ಚಿನ ವಿಮಾನಗಳಿಗೆ ಅದು 180 ನಿಮಿಷ. ಟೋಕಿಯೋದಿಂದ ಅಮೆರಿಕಕ್ಕೆ ಗೆರೆ ಎಳೆದು ನೋಡಿ. ಆ ಗೆರೆಯ ಹತ್ತಿರ ದೊಡ್ಡ ವಿಮಾನ ಇಳಿಯುವಂಥ ಜಾಗಗಳು ಕೈಬೆರಳಲ್ಲಿ ಎಣಿಸುವಷ್ಟು. ಅದರಲ್ಲೊಂದು ಕೋಲ್ಡ್ ಬೇ. 2013ರ ಅಕ್ಟೋಬರ್‌ನಲ್ಲಿ ಹಾಗೇ ಆಯಿತು. ಎಂಜಿನ್ ತೊಂದರೆ ಬಂದು 160ಕ್ಕೂ ಹೆಚ್ಚು ಪ್ರಯಾಣಿಕರ ಒಂದು ಬೋಯಿಂಗ್ 767 ಅಲ್ಲಿ ಇಳಿಯಿತು. ಊರಿನ ಜನಸಂಖ್ಯೆ ಒಂದೇ ಬೆಳಗ್ಗೆ ಎರಡರಷ್ಟಕ್ಕಿಂತ ಜಾಸ್ತಿ! ಬೇರೆ ವಿಮಾನ ಬರುವವರೆಗೆ ಊರಿನವರೇ ನೋಡಿಕೊಂಡರು.

ಮಗಳಿಗೆ ಇದನ್ನೇ ಬರೆದೆ. "ನಿನ್ನ ಎಂಜಿನ್ ಕೆಟ್ಟರೆ ಇಳಿಯುವ ಜಾಗ ಅದು." "ಇದನ್ನು ವಿಮಾನದಲ್ಲಿ ಕೂತವಳಿಗೆ ಹೇಳುತ್ತೀರಾ ಅಪ್ಪ" ಅಂತ ಬೈದಳು.

ನಮ್ಮಲ್ಲೂ ಯುದ್ಧದ ರನ್‌ವೇ ಎದ್ದು ಬಂದದ್ದಿದೆ. ಅಸ್ಸಾಮಿನ ರೂಪ್ಸಿ ಬ್ರಿಟಿಷರು ಎರಡನೇ ಮಹಾಯುದ್ಧಕ್ಕೆ ಕಟ್ಟಿದ್ದು. ದಶಕಗಟ್ಟಲೆ ಹುಲ್ಲು ಬೆಳೆದು ಬಿದ್ದಿತ್ತು. 2021ರಲ್ಲಿ ಉಡಾನ್ ಯೋಜನೆಯಲ್ಲಿ ಮತ್ತೆ ಪ್ರಯಾಣಿಕರ ವಿಮಾನ ಇಳಿಯಿತು.

ಗೋಣಿಕೊಪ್ಪ_ಸಿಸ್ಟರ್

ನಾನು ನರ್ಸ್. ಇಷ್ಟೂ ಓದಿ ನನಗೆ ಬಂದ ಪ್ರಶ್ನೆ ಒಂದೇ. ಆ ರನ್‌ವೇ ಹತ್ತಿರ ಬೇರೆ ಊರುಗಳಿಲ್ಲವಾ? ಅಲ್ಲಿಯವರಿಗೆ ಎದೆನೋವು ಬಂದರೆ, ಹೆರಿಗೆ ಕಷ್ಟವಾದರೆ ಏನು ಮಾಡುತ್ತಾರೆ?

ಹುಡುಕಿದೆ. ಇದೆ. ಕಿಂಗ್ ಕೋವ್ ಅಂತ. ಹಕ್ಕಿ ಹಾರಿದ ಹಾಗೆ ಲೆಕ್ಕ ಹಾಕಿದರೆ 30 ಕಿ.ಮೀ. ಒಳಗೇ. 2020ರಲ್ಲಿ 757 ಜನ. 1911ರಲ್ಲಿ ಮೀನಿನ ಫ್ಯಾಕ್ಟರಿ ಬಂದು ಹುಟ್ಟಿದ ಊರು (ಇದು ಸುಳ್ಳು ಫ್ಯಾಕ್ಟರಿ ಅಲ್ಲ, ನಿಜದ್ದು). ಕ್ಲಿನಿಕ್ ಇದೆ, ಆಸ್ಪತ್ರೆ ಇಲ್ಲ. ಅಲ್ಲೂ ಒಂದು ಏರ್‌ಸ್ಟ್ರಿಪ್ ಇದೆ ಕುಶಾಲನಗರದ ಅಣ್ಣ, ಜಲ್ಲಿಯದು, 3,500 ಅಡಿ, ಸುತ್ತ ಗುಡ್ಡ. ಗಾಳಿ ಎದ್ದರೆ, ಮಂಜು ಬಿದ್ದರೆ ವಿಮಾನ ಬರುವುದಿಲ್ಲ. 1981ರಲ್ಲಿ ರೋಗಿಯನ್ನು ಕರೆದೊಯ್ಯುತ್ತಿದ್ದ ವಿಮಾನವೇ ಬಿದ್ದು ನಾಲ್ಕು ಜನ ಹೋದರು.

ವಿಮಾನ ಬಾರದಿದ್ದರೆ ಮೀನಿನ ದೋಣಿ. ಅಲೆಯಲ್ಲಿ ಗಂಟೆಗಟ್ಟಲೆ ಹೋಗಿ ಕೋಲ್ಡ್ ಬೇ ಕಟ್ಟೆ ಮುಟ್ಟಿದರೆ, ಅಲ್ಲಿ 20 ಅಡಿ ಕಬ್ಬಿಣದ ಏಣಿ. ದೋಣಿ ಮೇಲೆ ಕೆಳಗೆ ಆಗುತ್ತಿರುತ್ತದೆ, ಏಣಿಗೆ ಐಸ್ ಹಿಡಿದಿರುತ್ತದೆ. ಹತ್ತಲಾಗದ ರೋಗಿಯನ್ನು ಏಡಿ ಹಿಡಿಯುವ ಕಬ್ಬಿಣದ ಬೋನಿನಲ್ಲಿ ಕೂರಿಸಿ ಕ್ರೇನಿನಿಂದ ಮೇಲೆತ್ತಿದ್ದೂ ಇದೆ.

ಕಂಬಳಿಗೆ ಬಿದಿರು ಸಿಕ್ಕಿಸಿ ಜೋಲಿ ಮಾಡಿ ಗರ್ಭಿಣಿಯನ್ನು ಹೊತ್ತು ತಂದವರನ್ನು ನಾನು ವಾರ್ಡಿನ ಬಾಗಿಲಲ್ಲಿ ನೋಡಿದ್ದೇನೆ. ಹೊತ್ತವರ ಕಾಲಲ್ಲಿ ಜಿಗಣೆ ಕಚ್ಚಿ ರಕ್ತ ಇಳಿಯುತ್ತಿತ್ತು, ಅವರಿಗೆ ಅದರ ಪರಿವೆಯೇ ಇರಲಿಲ್ಲ. ಏಡಿ ಬೋನಿನ ವಿಷಯ ಓದಿದಾಗ ಅದೇ ಕಣ್ಣಮುಂದೆ ಬಂತು.

ಪಕ್ಕದಲ್ಲೇ ಮೂರು ಕಿಲೋಮೀಟರ್ ರನ್‌ವೇ. ಅಲ್ಲಿಗೆ ಹೋಗಲು ರಸ್ತೆ ಇಲ್ಲ.

ಕೋಟೆಬೆಟ್ಟ

ರಸ್ತೆ ಯಾಕೆ ಮಾಡಿಲ್ಲ ಅಕ್ಕ? ದುಡ್ಡಿಲ್ಲವಾ?

ಹಕ್ಕಿಹುಚ್ಚ_ಮಡಿಕೇರಿ

ದುಡ್ಡಲ್ಲ, ಹಕ್ಕಿ. ಇಲ್ಲಿ ನಾನು ಬಾಯಿ ಹಾಕಲೇಬೇಕು, ಬೈಸಿಕೊಳ್ಳಲು ತಯಾರಾಗಿಯೇ ಬಂದಿದ್ದೇನೆ.

ಎರಡು ಊರಿನ ಮಧ್ಯೆ ಇಜೆಂಬೆಕ್ ಅನ್ನುವ ವನ್ಯಜೀವಿ ಧಾಮ ಇದೆ. ಸಮುದ್ರದ ನೀರು ಒಳಗೆ ನಿಂತು ದೊಡ್ಡ ಹಿನ್ನೀರಿನ ಹಾಗಾಗಿದೆ. ಅದರ ತಳದಲ್ಲಿ ಈಲ್‌ಗ್ರಾಸ್ ಅನ್ನುವ ಕಡಲಹುಲ್ಲು, ಜಗತ್ತಿನ ಅತಿ ದೊಡ್ಡ ಹಾಸುಗಳಲ್ಲಿ ಒಂದು. ಪೆಸಿಫಿಕ್ ಬ್ರಾಂಟ್ ಅನ್ನುವ ಕಪ್ಪು ಕಡಲ ಹೆಬ್ಬಾತು ಇದೆಯಲ್ಲ, ಆ ಜಾತಿಯ ಹೆಚ್ಚುಕಡಿಮೆ ಎಲ್ಲ ಹಕ್ಕಿಗಳೂ ಶರತ್ಕಾಲದಲ್ಲಿ ಅಲ್ಲಿ ಇಳಿದು ಮೇಯುತ್ತವೆ. ಒಂದೂವರೆ ಲಕ್ಷದ ಆಸುಪಾಸು. ಹೊಟ್ಟೆ ತುಂಬಿಸಿ ಕೊಬ್ಬು ಕಟ್ಟಿಕೊಂಡು, ಬೆನ್ನ ಹಿಂದಿನಿಂದ ಬಿರುಗಾಳಿ ಬರುವ ದಿನ ನೋಡಿಕೊಂಡು ಹೆಚ್ಚಿನವು ಗುಂಪಾಗಿ ಏಳುತ್ತವೆ. ನಡುವೆ ಎಲ್ಲೂ ಇಳಿಯದೆ ಮೂರು ದಿನದೊಳಗೆ ಮೆಕ್ಸಿಕೋ. ಸುಮಾರು 5,000 ಕಿ.ಮೀ.

ಅವುಗಳಿಗೂ ಅದು ವಿಮಾನ ನಿಲ್ದಾಣವೇ. ನಾಪೋಕ್ಲು ಅಣ್ಣ ಹೇಳಿದ ಹಾಗೆ, ಗೆರೆಯ ಹತ್ತಿರ ಇಳಿಯುವ ಜಾಗ ಕೈಬೆರಳಲ್ಲಿ ಎಣಿಸುವಷ್ಟು. ರಸ್ತೆ ಹೋಗಬೇಕಾದದ್ದು ಆ ಹಿನ್ನೀರು ಮತ್ತು ಇನ್ನೊಂದು ಕೊಲ್ಲಿಯ ನಡುವಿನ ಕಿರಿದಾದ ನೆಲಪಟ್ಟಿಯ ಮೇಲೆ.

ರಸ್ತೆ ಆದರೆ ಒಂದೇ ದಿನದಲ್ಲಿ ಹಕ್ಕಿ ಸಾಯುತ್ತವೆ ಅಂತ ಯಾರೂ ಹೇಳುತ್ತಿಲ್ಲ. ಮೊದಲು ಆಂಬುಲೆನ್ಸ್, ಆಮೇಲೆ ಮೀನಿನ ಲಾರಿ, ಆಮೇಲೆ ಬೇಟೆಗಾರರ ಜೀಪು. ರಸ್ತೆ ಒಮ್ಮೆ ಆದರೆ ಚಿಕ್ಕದಾದದ್ದನ್ನು ನಾನು ನೋಡಿಲ್ಲ. ನೀವು ನೋಡಿದ್ದೀರಾ?

ಏರ್‌ಸ್ಟ್ರಿಪ್_ಬೇಕು_ಕುಶಾಲನಗರ

ಶುರುವಾಯಿತು. ಎಲ್ಲೋ ಕೂತು ಹಕ್ಕಿ ಫೋಟೋ ತೆಗೆಯುವವರಿಗೆ ಇನ್ನೊಬ್ಬರ ಎದೆನೋವು ಕಾಣುವುದಿಲ್ಲ. ನಮ್ಮ ಜಿಲ್ಲೆಯಲ್ಲೂ ಇದೇ ಕತೆ. ರೈಲು ಬೇಡ, ದೊಡ್ಡ ರಸ್ತೆ ಬೇಡ, ಏನೂ ಬೇಡ.

ಹಕ್ಕಿಹುಚ್ಚ_ಮಡಿಕೇರಿ

ಎಲ್ಲೋ ಕೂತವನಲ್ಲ, ಮಡಿಕೇರಿಯಲ್ಲೇ ಕೂತಿದ್ದೇನೆ. ನನ್ನ ಮನೆಗೂ ಆಂಬುಲೆನ್ಸ್ ಬಂದದ್ದಿದೆ. ಮೈಸೂರು–ಕೋಯಿಕ್ಕೋಡ್ 400 ಕೆ.ವಿ. ಲೈನಿಗೆ ದಕ್ಷಿಣ ಕೊಡಗಿನಲ್ಲಿ ಸಾವಿರಾರು ಮರ ಬಿದ್ದದ್ದನ್ನೂ ನಿಂತು ನೋಡಿದ್ದೇನೆ. ಆ ಕರೆಂಟ್ ನಮಗಲ್ಲ.

ಅಲ್ಲಿ ರಸ್ತೆ ಬೇಡ ಅನ್ನುವವರು ಪಟ್ಟಣದವರು ಮಾತ್ರ ಅಂದುಕೊಳ್ಳಬೇಡಿ. ಉತ್ತರದ ಹೂಪರ್ ಬೇ ಕಡೆಯ ಮೂಲನಿವಾಸಿಗಳೂ ವಿರೋಧಿಸುತ್ತಿದ್ದಾರೆ. ಆ ಹೆಬ್ಬಾತುಗಳು ಮೊಟ್ಟೆಯಿಡುವುದು ಅವರ ಕಡೆ, ಅದು ಅವರ ಊಟ. ಕಿಂಗ್ ಕೋವ್‌ನಲ್ಲೂ ಮೂಲನಿವಾಸಿಗಳಿದ್ದಾರೆ. ಎರಡೂ ಕಡೆ ಅಲ್ಲಿನ ಮಣ್ಣಿನವರೇ ಇದ್ದಾರೆ. ಹಾಗಾಗಿಯೇ ಇದು ಬಗೆಹರಿಯುತ್ತಿಲ್ಲ.

ಇತಿಹಾಸ_ಮೇಡಂ

ಜಗಳ ಬಿಡಿ, ಏನೇನು ನಡೆಯಿತು ಅಂತ ಬೇಗ ಹೇಳಿಬಿಡುತ್ತೇನೆ. 1998ರಲ್ಲಿ ಅಮೆರಿಕದ ಸಂಸತ್ತು ರಸ್ತೆಯ ಬದಲು 37.5 ಮಿಲಿಯನ್ ಡಾಲರ್ ಕೊಟ್ಟಿತು. ಕ್ಲಿನಿಕ್ ಸುಧಾರಿಸಿದರು. ಒಂದು ಹೋವರ್‌ಕ್ರಾಫ್ಟ್ ಕೊಂಡರು, ಅಂದರೆ ನೀರಿನ ಮೇಲೆ ಗಾಳಿ ತುಂಬಿದ ದಿಂಬಿನ ಹಾಗೆ ತೇಲಿ ಓಡುವ ವಾಹನ. 2007ರಿಂದ 2010ರವರೆಗೆ ಓಡಿತು, ರೋಗಿಗಳನ್ನೂ ಸಾಗಿಸಿತು. ಖರ್ಚು ತೂಗಿಸಲಾಗದೆ ನಿಲ್ಲಿಸಿದರು. 2009ರಲ್ಲಿ ಹೊಸ ಕಾನೂನು. ಧಾಮದ 206 ಎಕರೆ ರಸ್ತೆಗೆ ಕೊಟ್ಟರೆ ರಾಜ್ಯ ಮತ್ತು ಊರಿನವರು ಸೇರಿ 60,000 ಎಕರೆ ಆಸುಪಾಸು ಧಾಮಕ್ಕೆ ಕೊಡುತ್ತಾರೆ ಅಂತ. ಒಂದೇ ಸಾಲಿನ ಜಲ್ಲಿ ರಸ್ತೆ, ಮುಖ್ಯವಾಗಿ ಆರೋಗ್ಯಕ್ಕೆ, ವ್ಯಾಪಾರಕ್ಕಿಲ್ಲ. 2013ರ ಡಿಸೆಂಬರ್‌ನಲ್ಲಿ ಧಾಮಗಳನ್ನು ನೋಡಿಕೊಳ್ಳುವ ಇಲಾಖೆಯ ಮಂತ್ರಿ ಸ್ಯಾಲಿ ಜ್ಯೂವೆಲ್ ಅದನ್ನೂ ಬೇಡ ಅಂದರು. ಆಮೇಲೆ ಸರ್ಕಾರ ಬದಲಾದಾಗಲೆಲ್ಲ ನಿಲುವು ಬದಲು. 2025ರ ಅಕ್ಟೋಬರ್‌ನಲ್ಲಿ ಮತ್ತೆ ಜಮೀನು ಅದಲುಬದಲಿಗೆ ಸರ್ಕಾರ ಒಪ್ಪಿತು, ವಿರೋಧಿಗಳು ಕೋರ್ಟಿಗೆ ಹೋದರು.

ಅರವತ್ತು ಸಾವಿರಕ್ಕೆ ಇನ್ನೂರು ಅಂದರೆ ಲಾಭ ಅನ್ನಿಸುತ್ತದೆ ಅಲ್ವಾ? ನಿಮ್ಮ ದೇವರಕಾಡು ಕೊಡಿ, ಬದಲಿಗೆ ನೂರು ಪಟ್ಟು ಬಾಣೆ (ಗದ್ದೆಗೆ ಸೇರಿದ ಕಾಡು ಜಮೀನು) ಕೊಡುತ್ತೇವೆ ಅಂದರೆ ಒಪ್ಪುತ್ತೀರಾ ಅಂತ ಕ್ಲಾಸಿನಲ್ಲಿ ಕೇಳಿದೆ. ಅರ್ಧ ಹುಡುಗರು ಹೂಂ ಅಂದರು. ಏನು ಹೇಳಲಿ.

ಗೋಣಿಕೊಪ್ಪ_ಸಿಸ್ಟರ್

ಮೇಡಂ, ನಾನೂ ಹೂಂ ಅನ್ನುವವಳೇ. ರಾತ್ರಿ ಡ್ಯೂಟಿ ಮಾಡಿದವರಿಗೆ ಬೇರೆ ಉತ್ತರ ಬಾಯಿಗೆ ಬರುವುದಿಲ್ಲ.

ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗೇಟು ಹಾಕುತ್ತಾರೆ. ಆಂಬುಲೆನ್ಸ್ ಬಂದರೆ ಬಿಡುತ್ತಾರೆ. ಕಾಡೂ ಇದೆ, ರೋಗಿಯೂ ದಾಟುತ್ತಾನೆ. ಹಾಗೆ ಗೇಟು ಇಟ್ಟು ಅಲ್ಲಿ ಮಾಡಬಾರದಾ ಹಕ್ಕಿ ಅಣ್ಣ?

ಹಕ್ಕಿಹುಚ್ಚ_ಮಡಿಕೇರಿ

ಸಿಸ್ಟರ್, ಬಂಡೀಪುರದಲ್ಲಿ ರಸ್ತೆ ಮೊದಲೇ ಇತ್ತು, ಗೇಟು ಆಮೇಲೆ ಬಂತು. ಇಜೆಂಬೆಕ್‌ನ ಆ ನೆಲಪಟ್ಟಿಯಲ್ಲಿ ಇನ್ನೂ ರಸ್ತೆಯೇ ಆಗಿಲ್ಲ. ಆದರೂ ನಿಮ್ಮ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಹಡಗುಕಟ್ಟೆಯ ಏಣಿ ತೆಗೆದು ನೆಟ್ಟಗಿನ ಜೆಟ್ಟಿ ಮಾಡಿ, ಅಲೆಗೆ ತಡೆಯುವ ದೋಣಿ ಇಡಿ ಅಂತ ನಾನು ಹೇಳುತ್ತೇನೆ. ಹೋವರ್‌ಕ್ರಾಫ್ಟ್ ಕತೆ ಕೇಳಿದ ಮೇಲೆ ಅದನ್ನೂ ಗಟ್ಟಿಯಾಗಿ ಹೇಳಲು ಧೈರ್ಯ ಸಾಲದು.

ಮಾಕುಟ್ಟ_ಸ್ಟೀರಿಂಗ್

ನಾನು ಆಂಬುಲೆನ್ಸ್ ಓಡಿಸುತ್ತೇನೆ. ಬರೆಯುವ ಅಭ್ಯಾಸ ಇಲ್ಲ, ತಪ್ಪಿದ್ದರೆ ತಿದ್ದಿಕೊಳ್ಳಿ.

ನಮಗೂ ರನ್‌ವೇ ಇದೆ. ವಿರಾಜಪೇಟೆಯಿಂದ ಮಾಕುಟ್ಟ ಇಳಿದರೆ ಕಣ್ಣೂರು ಏರ್‌ಪೋರ್ಟ್ ಸುಮಾರು 60 ಕಿ.ಮೀ. 2018ರ ಡಿಸೆಂಬರ್‌ನಲ್ಲಿ ಶುರುವಾಯಿತು. ಏನು ಮಾಡುವುದು, ಮಳೆಗಾಲದಲ್ಲಿ ಆ ಘಾಟಿಯಲ್ಲಿ ಮಣ್ಣು ಕುಸಿದರೆ ಬಂದ್. ಅದೇ 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಬಿದ್ದಾಗ ಸಂಪಾಜೆ ಹೈವೇ ಎಷ್ಟು ತಿಂಗಳು ಮುಚ್ಚಿತ್ತು ಅಂತ ಎಲ್ಲರಿಗೂ ಗೊತ್ತು. ಹೆಲಿಕಾಪ್ಟರ್ ಬಂದರೂ ಮಂಜಿನಲ್ಲಿ ಸುತ್ತಿ ಸುತ್ತಿ ವಾಪಸ್ ಹೋಗುತ್ತಿತ್ತು. ನಮ್ಮಲ್ಲಿ ಹೆಲಿಪ್ಯಾಡ್ ಅಂದರೆ ಮಂತ್ರಿ ಬರುವ ಹಿಂದಿನ ದಿನ ಮೈದಾನದಲ್ಲಿ ಸುಣ್ಣದಿಂದ ಬರೆಯುವ ಎಚ್ ಅಕ್ಷರ.

2019ರಲ್ಲಿ ಕೊಡಗಿಗೆ ತುರ್ತು ಆಸ್ಪತ್ರೆ ಬೇಕು ಅಂತ ಟ್ವಿಟರ್‌ನಲ್ಲಿ ದೊಡ್ಡ ಅಭಿಯಾನ ಆಯಿತಲ್ಲ, ನಾನೂ ಮಗನ ಫೋನಿನಿಂದ ಹಾಕಿದ್ದೆ. ಇವತ್ತಿಗೂ ಎದೆನೋವು ಜೋರಾದರೆ ಮೈಸೂರೇ ಗತಿ.

ಹೋದ ವರ್ಷ ಜುಲೈ. ಬಿರುನಾಣಿ ಕಡೆಯಿಂದ ಕಾಲ್, ರಾತ್ರಿ 11 ಗಂಟೆ. ಅರವತ್ತು ದಾಟಿದ ಮಾವ ಒಬ್ಬರು, ಎಡಗೈ ಹಿಡಿದುಕೊಂಡು ಬೆವರುತ್ತಿದ್ದರು. ಹತ್ತಿಸಿಕೊಂಡು ಹೊರಟೆ. ಹುದಿಕೇರಿ ಸಿಗುವ ಮೊದಲೇ ಒಂದು ಸಿಲ್ವರ್ ಮರ ರಸ್ತೆಗೆ ಅಡ್ಡ. ಕರೆಂಟ್ ಲೈನನ್ನೂ ಎಳೆದುಕೊಂಡು ಬಿದ್ದಿತ್ತು. ಲೈನ್ ಸತ್ತಿದೆಯೋ ಬದುಕಿದೆಯೋ ಗೊತ್ತಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ವಾಪಸ್ ತಿರುಗಿಸಲೂ ಜಾಗ ಇಲ್ಲ. ಅವರ ಮಗ ಮಳೆಯಲ್ಲಿ ಓಡಿ ಹೋಗಿ ಒಂದು ಮನೆ ಬಾಗಿಲು ಬಡಿದ. ಆ ಮನೆಯವರು ಸಬ್‌ಸ್ಟೇಷನ್‌ಗೆ ಲ್ಯಾಂಡ್‌ಲೈನ್‌ನಲ್ಲಿ ಕೇಳಿ ಲೈನ್ ಆಫ್ ಮಾಡಿಸಿದರು, ಮರ ಕುಯ್ಯುವ ಮೆಷಿನ್ ತಂದರು. ಮೆಷಿನ್ ಸ್ಟಾರ್ಟ್ ಆಗಲಿಲ್ಲ. ಹಗ್ಗ ಎಳೆದರೂ ಎಳೆದರೂ ಬರೀ ಬುಸ್ ಅನ್ನುತ್ತಿತ್ತು. ಪೆಟ್ರೋಲ್‌ನಲ್ಲಿ ನೀರು ಸೇರಿತ್ತು. ನನ್ನ ಗಾಡಿಯಲ್ಲಿ ಬೈಕಿಗೆ ಅಂತ ಇಟ್ಟಿದ್ದ ಒಂದು ಬಾಟಲಿ ಪೆಟ್ರೋಲ್ ಇತ್ತು, ಅವರ ಹತ್ತಿರ ಆಯಿಲ್ ಇತ್ತು. ಟ್ಯಾಂಕ್ ಖಾಲಿ ಮಾಡಿ ಬೆರೆಸಿ ಹಾಕಿದೆವು. ಆಗ ಹೊತ್ತಿತು. 50 ನಿಮಿಷ ಹೋಗಿತ್ತು. ಹಿಂದೆ ಸಿಸ್ಟರ್ ಒಬ್ಬರೇ ಮಾವನ ಕೈ ಹಿಡಿದುಕೊಂಡು ಏನೇನೋ ಮಾತಾಡಿಸುತ್ತಿದ್ದರು, ಪುತ್ತರಿ ಹಬ್ಬಕ್ಕೆ ಎಷ್ಟು ಜನ ಬರುತ್ತಾರೆ, ಗದ್ದೆ ನಾಟಿ ಆಯಿತಾ ಅಂತ.

ತಿತಿಮತಿಯಲ್ಲಿ ಆನೆ ರಸ್ತೆಯಲ್ಲೇ ನಿಂತಿತ್ತು. ಸೈರನ್ ಆಫ್, ಲೈಟ್ ಡಿಮ್, ಸುಮ್ನೆ ಕಾಯುವುದು. ಅದಕ್ಕೆ ಏಳು ನಿಮಿಷ. ಆನೆ ಮೇಲೆ ನನಗೆ ಕೋಪ ಇಲ್ಲ, ಅದು ತಾನಾಗಿ ಹೋಯಿತು. ಮರ ತಾನಾಗಿ ಹೋಗುವುದಿಲ್ಲ.

ಮಾವ ಬದುಕಿದರು. ಈಗ ಕಂಡರೆ ಕಾಫಿ ಕುಡಿಸದೆ ಬಿಡುವುದಿಲ್ಲ.

ನಾನು ಹೇಳುವುದು ಇಷ್ಟೇ. ಕುಶಾಲನಗರದಲ್ಲಿ ಏರ್‌ಸ್ಟ್ರಿಪ್ ಆದರೆ ಆಗಲಿ. ಬಿರುನಾಣಿಯಿಂದ ಕುಶಾಲನಗರಕ್ಕೆ ಬರುವುದು ಹೇಗೆ? ಆ 50 ನಿಮಿಷ ಅಲ್ಲೂ ಇರುತ್ತದಲ್ವಾ?

ಏರ್‌ಸ್ಟ್ರಿಪ್_ಬೇಕು_ಕುಶಾಲನಗರ

ಅಣ್ಣ, ನಿಮ್ಮ ಮಾತಿಗೆ ಎದುರು ಹೇಳಲಾರೆ. ಏರ್‌ಸ್ಟ್ರಿಪ್ ಬೇಕು ಅನ್ನುವುದನ್ನು ಬಿಡುವುದಿಲ್ಲ, ಹೆಸರೂ ಬದಲಿಸುವುದಿಲ್ಲ. ಆದರೆ ನಮ್ಮ ಅಂಗಡಿಯಲ್ಲಿ ಮರ ಕುಯ್ಯುವ ಮೆಷಿನ್ ಸರ್ವಿಸ್ ಮಾಡುತ್ತೇವೆ. ಮಳೆಗಾಲದಲ್ಲಿ ಆಂಬುಲೆನ್ಸ್ ದಾರಿಯವರು ಯಾರೇ ತಂದರೂ ಸರ್ವಿಸ್ ದುಡ್ಡು ಬೇಡ. ಬಿಡಿಭಾಗದ್ದು ಮಾತ್ರ ಕೊಡಿ.

ಗೋಣಿಕೊಪ್ಪ_ಸಿಸ್ಟರ್

ಸ್ಟೀರಿಂಗ್ ಅಣ್ಣ, ಆ ರಾತ್ರಿ ಹಿಂದೆ ಕೂತಿದ್ದವಳು ನಾನೇ. ಗದ್ದೆ ನಾಟಿ ಆಗಿರಲಿಲ್ಲ.

ಮಾಕುಟ್ಟ_ಸ್ಟೀರಿಂಗ್

ಅಯ್ಯೋ ಸಿಸ್ಟರ್, ನೀವಾ! ಈ ಹೆಸರಲ್ಲಿ ಗೊತ್ತೇ ಆಗಲಿಲ್ಲ.

ಕೋಟೆಬೆಟ್ಟ

ಒಂದು ಐಡಿಯಾ. ಯಾವ ರಸ್ತೆಯಲ್ಲಿ ಯಾರ ಮನೆಯಲ್ಲಿ ಮೆಷಿನ್ ಇದೆ ಅಂತ ಮ್ಯಾಪ್ ಮಾಡಿದರೆ? ಸಿಗ್ನಲ್ ಇಲ್ಲದಿದ್ದರೂ ಫೋನಿನಲ್ಲಿ ತೆರೆಯುವ ಹಾಗೆ ಮಾಡಬಹುದು. ಕಾಲೇಜಿಗೆ ಈಗ ಮಳೆ ರಜೆ, ನಾನು ಕೂರುತ್ತೇನೆ.

ಮಾಡರೇಟರ್

ಒಳ್ಳೆಯ ಕೆಲಸ. ಆದರೆ ಫೋನ್ ನಂಬರ್, ಮನೆ ಹೆಸರು ಇಲ್ಲಿ ಬಹಿರಂಗವಾಗಿ ಹಾಕಬೇಡಿ. ಕೋಟೆಬೆಟ್ಟ ಅವರಿಗೆ ಮೆಸೇಜ್ ಮಾಡಿ. ಇಲ್ಲಿ ರಸ್ತೆಯ ಹೆಸರು ಮಾತ್ರ ಬರೆಯಿರಿ.

ಹಕ್ಕಿಹುಚ್ಚ_ಮಡಿಕೇರಿ

ಮಡಿಕೇರಿ–ಮೂರ್ನಾಡು. ನನ್ನ ಹತ್ತಿರ ಒಂದಿದೆ. ನಗಬೇಡಿ, ಹಕ್ಕಿ ನೋಡುವವರ ಮನೆಯಲ್ಲೂ ಮರ ಬೀಳುತ್ತದೆ.

ಸೋಮವಾರಪೇಟೆ_ಶುಂಠಿ

ಸೋಮವಾರಪೇಟೆ–ಮಾದಾಪುರ, ಒಂದು. ಶಾಂತಳ್ಳಿ ರಸ್ತೆಯಲ್ಲಿ ನಮ್ಮ ಭಾವನದ್ದು ಇನ್ನೊಂದು. ಅವನದ್ದು ಸ್ಟಾರ್ಟ್ ಆಗುತ್ತದೋ ಇಲ್ಲವೋ ನಾಳೆ ಬೆಳಗ್ಗೆ ಹೋಗಿ ಎಳೆದು ನೋಡಿ ಹೇಳುತ್ತೇನೆ.

ನಾಪೋಕ್ಲು_ತೋಟ

ನಾಪೋಕ್ಲು–ಮೂರ್ನಾಡು. ಎರಡು ಮೆಷಿನ್, ಚೈನ್ ಹೊಸದು. ಭಾಗಮಂಡಲದ ಕಡೆ ಸಂಗಮದಲ್ಲಿ ನೀರು ಏರಿದರೆ ಆ ದಾರಿ ನನ್ನ ಕೈಯಲ್ಲಿ ಆಗುವುದಿಲ್ಲ, ಅಲ್ಲಿಗೆ ಬೇರೆ ಯಾರಾದರೂ ಬೇಕು. ಪೆಟ್ರೋಲ್ ಬೆರೆಸಿ ಇಟ್ಟದ್ದನ್ನು ಒಂದು ತಿಂಗಳ ಮೇಲೆ ಇಡಬೇಡಿ, ಇದು ಫಿಟ್ಟರ್ ಮಾತು. ಪ್ಲಗ್ ಬಿಚ್ಚಿ ಒರೆಸಿಡಿ.

ಕರೆಂಟ್ ಮತ್ತೆ ಹೋಯಿತು. ಫೋನ್ 9 ಪರ್ಸೆಂಟ್ ಇದೆ. ಉಳಿದವರ ರಸ್ತೆ ನಾಳೆ ನೋಡುತ್ತೇನೆ.